ಅಳಿಯನ ಮಂಡಿ

ಊರೆಲ್ಲ ಅವರನ್ನು ಎಣ್ಣೆಯಣ್ಣ ಎಂದೇ ಕರೆಯುತ್ತಿತ್ತು. ಹೊಸದಾಗಿ ಕ್ಲಬ್ಬಿಗೆ ಸೇರಿದ ಆಟಗಾರರು ಈ ಹೆಸರು ಕೇಳಿ ಮುಸಿಮುಸಿ ನಗುತ್ತಿದ್ದರು. ಸಂಜೆಯಾದರೆ ಇವರು ಯಾವ ಅಂಗಡಿಯಲ್ಲಿ ಕೂರುತ್ತಾರೆ ಎಂದು ತಮ್ಮತಮ್ಮಲ್ಲೇ ವಿಚಾರಿಸಿಕೊಳ್ಳುತ್ತಿದ್ದರು. ಆ ಎಣ್ಣೆಯನ್ನು ಎಣ್ಣೆಯಣ್ಣ ಜೀವಮಾನದಲ್ಲಿ ಮುಟ್ಟಿದವರಲ್ಲ. ಅವರದು ಕೈಗೆ ಸವರಿಕೊಳ್ಳುವ ಎಣ್ಣೆ. ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಕಾಲು ತಿಕ್ಕುವುದು ಅವರ ಕೆಲಸ. ಊಟಕ್ಕೆ ಕೂತಾಗಲೂ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದ ಹೆಂಡತಿ ಆಮೇಲಾಮೇಲೆ ಆ ವಾಸನೆ ಇಲ್ಲದ ದಿನ, "ಯಾಕೆ, ಇವತ್ತು ಕ್ಲಬ್ಬಿಗೆ ಹೋಗ್ಲಿಲ್ವಾ?" ಎಂದು ಕೇಳುವಂತಾಗಿದ್ದರು.

ಅವರು ಮೊದಲು ಕ್ಷೌರದಂಗಡಿಯಲ್ಲಿದ್ದರು. ಗಿರಾಕಿಗಳ ತಲೆ ತಿಕ್ಕುವುದರಲ್ಲಿ ಅವರದು ಎತ್ತಿದ ಕೈ. ಒಂದು ದಿನ ಕ್ಲಬ್ಬಿನ ಕ್ಯಾಪ್ಟನ್ ಗಡ್ಡ ಹೆರೆಸಿಕೊಳ್ಳಲು ಬಂದವನು ಅರ್ಧ ಸೋಪು ಹಚ್ಚಿದ ಮುಖದಲ್ಲೇ ಮೀನಖಂಡ ಹಿಡಿದುಕೊಂಡು ನರಳತೊಡಗಿದ. ಇವರು ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಾ ಕೂತರು. ನೋವು ಇಳಿದದ್ದೇ ತಡ, ಕ್ಯಾಪ್ಟನ್ ಕುರ್ಚಿಯಲ್ಲೇ ಗೊರಕೆ ಹೊಡೆದ. ಮರುದಿನ ಅಂಗಡಿಯ ಮುಂದೆ ಕಾರು ಬಂದು ನಿಂತಿತು. ಕಾರಿನಲ್ಲಿದ್ದವರು ಬಿಸ್ಕತ್ತು ಕಾರ್ಖಾನೆಯ ದೊಡ್ಡ ಯಜಮಾನರು. ಕ್ಲಬ್ಬು ಅವರದೇ. "ತಲೆ ಬಿಟ್ಟು ಕಾಲಿಗೆ ಬರ್ತೀಯೇನಪ್ಪಾ?" ಎಂದು ಕೇಳಿದರಂತೆ. ಹೀಗೆ ಎಣ್ಣೆಯಣ್ಣ ಕ್ಲಬ್ಬಿನವರಾದರು.

ಅವರಿಗೆ ಕೊಟ್ಟ ಕೋಣೆ ಗ್ಯಾಲರಿಯ ಅಡಿಯಲ್ಲಿತ್ತು. ಜನ ಕೂರುವ ಮೆಟ್ಟಿಲುಗಳೇ ಅದಕ್ಕೆ ಇಳಿಜಾರಾದ ಚಾವಣಿ. ಒಂದು ಮೂಲೆಯಲ್ಲಿ ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ನಡುವೆ ರೆಕ್ಸಿನ್ ಹೊದಿಸಿದ ಉದ್ದನೆಯ ಮೇಜು. ಹಿಮ್ಮಡಿ ಊರುವ ಜಾಗದಲ್ಲಿ ರೆಕ್ಸಿನ್ ಹರಿದು, ಅಲ್ಲಿಗೆ ಸೈಕಲ್ ಟ್ಯೂಬಿನ ತೇಪೆ ಬಿದ್ದಿತ್ತು. ಆಟಗಾರರು ಕೋಚಿಗೆ ಹೇಳದ ಮಾತನ್ನೆಲ್ಲ ಆ ಮೇಜಿನ ಮೇಲೆ ಬೋರಲು ಮಲಗಿಕೊಂಡು ಹೇಳುತ್ತಿದ್ದರು. ಯಾರಿಗೆ ಯಾರ ಮೇಲೆ ಹೊಟ್ಟೆಕಿಚ್ಚು, ಯಾರ ಮನೆಯಲ್ಲಿ ಅತ್ತೆ ಸೊಸೆಗೆ ಆಗಿಬರುತ್ತಿಲ್ಲ, ಯಾರಿಗೆ ಬೇರೆ ಊರಿನ ಕ್ಲಬ್ಬಿನಿಂದ ಕರೆ ಬಂದಿದೆ, ಎಲ್ಲವೂ ಅವರ ಕಿವಿಗೆ ಬೀಳುತ್ತಿತ್ತು. ಬಿದ್ದದ್ದು ಅಲ್ಲೇ ಉಳಿಯುತ್ತಿತ್ತು. ಅವರ ಮೇಲೆ ಎಲ್ಲರಿಗೂ ಇದ್ದ ನಂಬಿಕೆಯ ಗುಟ್ಟು ಇಷ್ಟೇ.

ಆ ದಿನಗಳಲ್ಲಿ ನಮ್ಮ ಕ್ಲಬ್ಬು ಮೊದಲ ಡಿವಿಷನ್‌ನಲ್ಲಿತ್ತು. ಪಂದ್ಯದ ದಿನ ಕಾರ್ಖಾನೆಯಲ್ಲಿ ಬಿಸ್ಕತ್ತು ಬೇಯುವ ಸಿಹಿ ವಾಸನೆ ಮೈದಾನದ ಮೇಲೆಲ್ಲ ಹರಡಿರುತ್ತಿತ್ತು. ಹೊರಗಿನ ತಂಡದವರು, "ಇವರನ್ನ ಸೋಲಿಸೋದು ಕಷ್ಟ, ಅರ್ಧ ಆಟಕ್ಕೇ ಹಸಿವಾಗತ್ತೆ," ಎಂದು ನಗುತ್ತಿದ್ದರು. ಗೋಲಿನಲ್ಲಿ ನಿಲ್ಲುತ್ತಿದ್ದವನಿಗೆ ಜನ ಗೋಡೆ ಎಂದು ಹೆಸರಿಟ್ಟಿದ್ದರು. ಅವನು ಎಣ್ಣೆಯಣ್ಣನವರ ಮನೆಯ ಎದುರು ಮನೆಯವನು, ಅವರಿಗಿಂತ ತುಂಬ ಚಿಕ್ಕವನಾದರೂ ಅವರ ಜೀವದ ಗೆಳೆಯ. ಮುಂದಿನ ಸಾಲಿನಲ್ಲಿ ಆಡುತ್ತಿದ್ದ ಹುಡುಗನೊಬ್ಬ ಮೇಜಿನ ಮೇಲೆ ಮಲಗಿ ಎಲ್ಲರ ಹಾಗೆ ಹರಟದೆ, ಬರೀ ಅವರ ಮಗಳ ಓದಿನ ಬಗ್ಗೆಯೇ ವಿಚಾರಿಸುತ್ತಿದ್ದ. ಎಣ್ಣೆಯಣ್ಣನಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಲಿಲ್ಲ. ಅವನೇ ಮುಂದೆ ಅಳಿಯನಾದ.

ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಕೆಟ್ಟ ಕಾಲ ಶುರುವಾಯಿತು. ಮಕ್ಕಳಿಗೆ ಕಾರ್ಖಾನೆ ಬೇಕಿತ್ತು, ಕ್ಲಬ್ಬು ಬೇಕಿರಲಿಲ್ಲ. ಅಪ್ಪನ ಹುಚ್ಚಿಗೆ ನಾವು ಎಷ್ಟು ದಿನ ಸುರಿಯುವುದು ಎಂದು ಅವರು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಲೀಗಿನಲ್ಲಿ ಕೊನೆಯ ಸ್ಥಾನದಲ್ಲಿ ಉಳಿದವರು ಕೆಳಗಿನ ಡಿವಿಷನ್ನಿಗೆ ಇಳಿಯಬೇಕು. ಆ ವರ್ಷ ಇಳಿದವರು ನಾವು. ಕೊನೆಯ ಪಂದ್ಯದಲ್ಲಿ ಸಮ ಮಾಡಿಕೊಂಡಿದ್ದರೂ ಸಾಕಿತ್ತು, ಅದೂ ಆಗಲಿಲ್ಲ. ಆವತ್ತು ಗ್ಯಾಲರಿಯಿಂದ ಯಾರೂ ಬೈಯಲಿಲ್ಲ, ಕಲ್ಲು ತೂರಲಿಲ್ಲ. ಜನ ಎದ್ದು ಹೋಗುವುದನ್ನೇ ಮರೆತವರ ಹಾಗೆ ಕೂತಿದ್ದರು. ಕೆಳಗಿನ ಕೋಣೆಯಲ್ಲಿ ಎಣ್ಣೆಯಣ್ಣ ಎಂದಿನಂತೆ ಒಬ್ಬೊಬ್ಬರ ಕಾಲನ್ನೂ ತಿಕ್ಕಿದರು. ಸೋತ ಕಾಲಿಗೂ ಗೆದ್ದ ಕಾಲಿಗೂ ದಣಿವು ಒಂದೇ ಎಂದು ಆಮೇಲೆ ಹೆಂಡತಿಯ ಹತ್ತಿರ ಹೇಳಿದರಂತೆ.

ಕೆಳಗಿನ ಡಿವಿಷನ್‌ನಲ್ಲಿ ಜನ ಬರುವುದು ಕಡಿಮೆಯಾಯಿತು. ಜನ ಬರದೆ ಟಿಕೆಟ್ಟಿನ ಕಾಸೂ ಬರಲಿಲ್ಲ. ಕ್ಲಬ್ಬಿನ ಸ್ವಂತ ಬಸ್ಸನ್ನು ಮಾರಿದರು. ಆಟಗಾರರು ಬೂಟಿನ ಚೀಲ ಹೆಗಲಿಗೆ ಹಾಕಿಕೊಂಡು ಎಲ್ಲರೂ ಹೋಗುವ ಬಸ್ಸಿನಲ್ಲಿ ನಿಂತುಕೊಂಡು ಹೋದರು. ಸಂಬಳ ಮೊದಲು ತಡವಾಯಿತು, ಆಮೇಲೆ ಅರ್ಧವಾಯಿತು, ಆಮೇಲೆ ಅದರ ಸುದ್ದಿ ಎತ್ತುವುದನ್ನೇ ಎಲ್ಲರೂ ಬಿಟ್ಟರು. ಎಣ್ಣೆಯಣ್ಣ ಎಣ್ಣೆಯನ್ನು ಮನೆಯಿಂದಲೇ ಒಯ್ಯತೊಡಗಿದರು. ಒಂದು ದಿನ ಹೆಂಡತಿ ಬಾಣಲೆ ಕೆಳಗಿಟ್ಟು, "ಒಗ್ಗರಣೆಗಾದ್ರೂ ಒಂದಿಷ್ಟು ಉಳಿಸಿ," ಎಂದರು. ಇಬ್ಬರಿಗೂ ನಗು ಬಂತು. ಆ ಮನೆಯಲ್ಲಿ ಬಹಳ ದಿನಗಳವರೆಗೆ ಕೇಳಿದ ಕೊನೆಯ ನಗು ಅದು.

ಅಳಿಯ ಮಾತ್ರ ಬಿಟ್ಟುಹೋಗಲಿಲ್ಲ. ಕರೆ ಬಂದಾಗಲೆಲ್ಲ ಬೇಡ ಎಂದ. ಅವನು ಹೊಡೆದ ಗೋಲುಗಳಿಂದಲೇ ಕ್ಲಬ್ಬು ಇನ್ನೂ ಕೆಳಕ್ಕೆ ಜಾರದೆ ಉಸಿರು ಹಿಡಿದಿತ್ತು. ಒಂದು ಬೆಳಿಗ್ಗೆ ಅವನ ಕಾಲು ತಿಕ್ಕುತ್ತಿದ್ದ ಎಣ್ಣೆಯಣ್ಣನ ಬೆರಳು ಬಲ ಮಂಡಿಯ ಒಳಬದಿಯಲ್ಲಿ ನಿಂತುಬಿಟ್ಟಿತು. ಒತ್ತಿದರೆ ಒಳಗೆ ಏನೋ ಜಾರಿ ಮತ್ತೆ ಕೂರುತ್ತಿತ್ತು. ಅಳಿಯ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಎಷ್ಟು ದಿನದಿಂದ?" ಎಂದರು.

"ಈಗೀಗ."

"ಸುಳ್ಳು ಹೇಳ್ಬೇಡ."

"ಮಾವ, ಇದು ಇಲ್ಲೇ ಇರ್ಲಿ," ಎಂದ ಅಳಿಯ. "ಅವಳಿಗೂ ಬೇಡ."

ಆದರೆ ಅವಳಿಗೆ, ಅಂದರೆ ಎಣ್ಣೆಯಣ್ಣನ ಮಗಳಿಗೆ, ಮೊದಲೇ ಗೊತ್ತಿತ್ತು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನೋವಿನ ಮಾತ್ರೆಯನ್ನು ಗಂಡ ಬೇರೆ ಬೀದಿಯ ಅಂಗಡಿಯಲ್ಲಿ ಕೊಂಡರೆ ತಿಳಿಯದೆ ಇರುತ್ತದೆಯೇ? ಒಂದೇ ಕಸುಬಿನವರು, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅವಳು ಮಾತ್ರ ಗೊತ್ತಿಲ್ಲದವಳ ಹಾಗೆ ಇದ್ದಳು.

ಅಷ್ಟರಲ್ಲಿ ದೊಡ್ಡ ನಗರದ ಕ್ಲಬ್ಬೊಂದು ಅಳಿಯನನ್ನು ಕೊಳ್ಳಲು ಮುಂದೆ ಬಂತು. ಹೇಳಿದ ಮೊತ್ತ ದೊಡ್ಡದು. ಅದು ಕೈಗೆ ಬಂದರೆ ಎಲ್ಲರ ಬಾಕಿ ಸಂಬಳ ತೀರುತ್ತಿತ್ತು, ಕ್ಲಬ್ಬು ಇನ್ನೊಂದು ವರ್ಷ ಬದುಕುತ್ತಿತ್ತು. ಆಟಗಾರರನ್ನು ಕೊಳ್ಳುವ ಗಡುವು ಆ ವಾರವೇ ಮುಗಿಯುತ್ತಿದ್ದುದರಿಂದ ಸ್ಕ್ಯಾನು ಗೀನು ಎಂದು ಅಲೆಯಲು ಅವರಿಗೆ ಸಮಯವಿರಲಿಲ್ಲ. ಅವರ ಡಾಕ್ಟರು ಇಲ್ಲಿಗೇ ಬಂದು ನೋಡಿ, ಆಗಬಹುದು ಎಂದರೆ ಅಲ್ಲಿಯೇ ಸಹಿ.

ಮಧ್ಯಾಹ್ನದ ಹೊತ್ತು ಕ್ಲಬ್ಬಿನ ಕಾರ್ಯದರ್ಶಿ ಎಣ್ಣೆಯಣ್ಣನ ಮನೆಗೆ ಬಂದರು. ಕೆಟ್ಟ ಮನುಷ್ಯರೇನಲ್ಲ. ತಮ್ಮ ಸ್ಕೂಟರು ಮಾರಿ ತಂಡದ ಊಟದ ಖರ್ಚು ನೋಡಿಕೊಂಡವರು. ಚಹಾ ಕುಡಿದು ಲೋಟ ಕೆಳಗಿಡದೆ ಕೈಯಲ್ಲೇ ತಿರುಗಿಸುತ್ತಾ ಕೂತರು.

"ಅಳಿಯಂದಿರು ನನ್ನ ಹತ್ರ ಎಲ್ಲಾ ಹೇಳಿದಾರೆ," ಎಂದರು ಕೊನೆಗೆ. "ಅವರೇ ಒಪ್ಪಿದಾರೆ. ನಾನು ಒತ್ತಾಯ ಮಾಡಿಲ್ಲ, ಬೇಕಾದ್ರೆ ಕೇಳಿ. ನೀವು ಊತ ಒಂದು ಇಳಿಸಿಕೊಟ್ರೆ ಸಾಕು. ಡಾಕ್ಟ್ರು ಏನಾದ್ರೂ ಕೇಳಿದ್ರೆ..."

"ಕೇಳಿದ್ರೆ?"

"ನೀವು ಯಾವತ್ತೂ ಕಡಿಮೆ ಮಾತಾಡೋರು ತಾನೇ," ಎಂದರು ಕಾರ್ಯದರ್ಶಿ, ತಲೆ ಎತ್ತದೆ.

ಸಂಜೆ ಗೋಡೆ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತ. ಅವನ ತಾಯಿ ಹಾಸಿಗೆ ಹಿಡಿದಿದ್ದರು. ಆಸ್ಪತ್ರೆಗೆ ಸೇರಿಸಿ ಎಂದು ಡಾಕ್ಟರು ಹೇಳಿದ್ದರೂ ಅವನು ಸಂಬಳ ಬರಲಿ ಎಂದು ದಿನ ದೂಡುತ್ತಿದ್ದ. ಆ ಸಂಗತಿಯನ್ನು ಅವನು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ.

"ಅಣ್ಣ, ಅವನ ಮಂಡಿ ಅವನದು," ಎಂದ. "ಅವನೇ ಹೂಂ ಅಂದ ಮೇಲೆ ನಿಮಗೇನು? ಅಲ್ಲಿ ದೊಡ್ಡ ಡಾಕ್ಟ್ರುಗಳಿದಾರೆ, ಸರಿ ಮಾಡ್ಕೊಳ್ತಾರೆ. ನಾವು ಇಲ್ಲಿ ಮುಳುಗ್ತಿದೀವಿ."

"ಸರಿ ಆಗ್ದೆ ಇದ್ರೆ?"

"ಇಲ್ಲಿದ್ರೆ ಸರಿ ಆಗತ್ತಾ?"

ಮರುದಿನ ಎಣ್ಣೆಯಣ್ಣ ಔಷಧಿ ಅಂಗಡಿಗೆ ಹೋಗಿ, ಗಿರಾಕಿಗಳು ಕರಗುವವರೆಗೆ ಕಾದು, ಏನು ಮಾಡಲಿ ಎಂದು ಮಗಳನ್ನು ಕೇಳಿದರು. ಅವಳು ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತಲೇ ಇದ್ದಳು. "ಅಪ್ಪ, ಅವರು ಹೋಗ್ಲೇಬೇಕು ಅಂತಾರೆ. ಡಾಕ್ಟ್ರಿಗೆ ಹೇಳು ಅಂದ್ರೆ ಅವರಿಗೆ ಮೋಸ, ಹೇಳ್ಬೇಡ ಅಂದ್ರೆ ಅವರ ಕಾಲಿಗೆ ಮೋಸ. ಇದನ್ನ ನನ್ನ ತಲೆಗೆ ಕಟ್ಬೇಡ," ಎಂದಳು. ಅಪ್ಪ ಹೊರಟಾಗ ಕೌಂಟರಿನಿಂದ ಆಚೆ ಬಂದು, ಅವರ ಅಂಗಿಯ ಮಡಚಿಕೊಂಡಿದ್ದ ಕಾಲರನ್ನು ಸರಿಮಾಡಿ ಒಳಗೆ ಹೋದಳು.

ಕಾರ್ಯದರ್ಶಿ ಹೇಳಿದಂತೆಯೇ ಅವರು ಮಾಡಿದರು. ಬೆಳಗಿನಿಂದ ಸಂಜೆಯವರೆಗೆ ಐಸು ಕಟ್ಟಿದರು, ಬಿಚ್ಚಿದರು, ತೊಡೆಯ ಬಿಗಿತ ಸಡಿಲಿಸಿದರು, ಮತ್ತೆ ಐಸು ಕಟ್ಟಿದರು. ಡಾಕ್ಟರು ಬರುವ ಬೆಳಿಗ್ಗೆ ಮಂಡಿ ನೋಡಿದರೆ ಯಾರೂ ಏನೂ ಹೇಳುವಂತಿರಲಿಲ್ಲ. ಸುಮ್ಮನಿರುವುದು ಎಂದು ಎಣ್ಣೆಯಣ್ಣ ತೀರ್ಮಾನಿಸಿಕೊಂಡೇ ಮನೆ ಬಿಟ್ಟಿದ್ದರು. ಇದನ್ನು ಅವರೇ ಆಮೇಲೆ ಹೇಳಿದ್ದು.

ಬಂದವರು ನಡುವಯಸ್ಸಿನ ಲೇಡಿ ಡಾಕ್ಟರು. ಇಳಿಜಾರು ಚಾವಣಿಯ ಕೋಣೆಗೆ ಬಗ್ಗಿ ಬಂದು, ಅಳಿಯನನ್ನು ಮೇಜಿನ ಮೇಲೆ ಮಲಗಿಸಿ ಮಂಡಿಯನ್ನು ಮಡಚಿದರು, ತಿರುಗಿಸಿದರು, ಕೂರಿಸಿ ಏಳಿಸಿದರು. ಅಳಿಯ ಹಲ್ಲು ಕಚ್ಚಿ ನಗುಮುಖದಲ್ಲೇ ಇದ್ದ. ಕಾರ್ಯದರ್ಶಿ ಬಾಗಿಲಿಗೆ ಒರಗಿ ನಿಂತಿದ್ದರು. ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಎಣ್ಣೆಯಣ್ಣನ ಕಡೆ ತಿರುಗಿದರು.

"ಇವರ ಕಾಲು ದಿನಾ ನೋಡೋರು ನೀವೇ ಅಲ್ವಾ? ಈ ಮಂಡೀಲಿ ಏನಾದ್ರೂ ತೊಂದ್ರೆ ಇದ್ಯಾ?"

"ಇದೆ," ಎಂದರು ಎಣ್ಣೆಯಣ್ಣ.

ಆಡಿದ ಮಾತು ತಮ್ಮ ಬಾಯಿಂದಲೇ ಬಂತೇ ಎಂದು ಅವರಿಗೇ ಒಂದು ಕ್ಷಣ ಗೊತ್ತಾಗಲಿಲ್ಲವಂತೆ. ಕೇಳಿದವರು ನೇರವಾಗಿ ಕೇಳಿದರು, ಬಾಯಿ ನೇರವಾಗಿ ಹೇಳಿಬಿಟ್ಟಿತು. ಡಾಕ್ಟರು ಇನ್ನೊಮ್ಮೆ ಮಂಡಿಯನ್ನು ಮುಟ್ಟಿ ನೋಡಲಿಲ್ಲ. ಸ್ವಲ್ಪ ಹೊತ್ತು ಅಳಿಯನನ್ನೂ ಸ್ವಲ್ಪ ಹೊತ್ತು ಇವರನ್ನೂ ನೋಡಿ, ಚೀಲದ ಜಿಪ್ಪು ಎಳೆದುಕೊಂಡು ಹೊರಗೆ ಹೋದರು. ಅವರ ಹಿಂದೆ ಕಾರ್ಯದರ್ಶಿ ಓಡಿದರು.

ಅಳಿಯ ಎದ್ದು ಪ್ಯಾಂಟು ಹಾಕಿಕೊಂಡ. "ನನ್ನ ಪರವಾಗಿ ಮಾತಾಡಿ ಅಂತ ನಿಮ್ಮನ್ನ ಕೇಳಿದ್ದು ಯಾರು?" ಎಂದ. ದನಿ ಏರಿಸಲಿಲ್ಲ. ಮಾವ ಎಂದು ಕರೆಯಲೂ ಇಲ್ಲ.

ಸಂಜೆಯೊಳಗೆ ಮಾರಾಟ ಮುರಿದುಬಿದ್ದ ಸುದ್ದಿ ಊರೆಲ್ಲ ಹಬ್ಬಿತು. ವರ್ಷಗಟ್ಟಲೆ ಮುಳುಗುತ್ತಾ ಬಂದಿದ್ದ ಕ್ಲಬ್ಬನ್ನು ಒಂದೇ ಮಾತಿನಲ್ಲಿ ಮುಳುಗಿಸಿದವರು ಎಣ್ಣೆಯಣ್ಣ ಎಂದಾಯಿತು. ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಚಹಾದಂಗಡಿಗೆ ಅವರು ಬಂದರೆ ಮಾತು ನಿಲ್ಲುತ್ತಿತ್ತು. ಕ್ಲಬ್ಬಿನ ಬಟ್ಟೆ ಒಗೆಯುವ ಹೆಂಗಸು ರಸ್ತೆಯಲ್ಲಿ ಎದುರಾಗಿ, "ನಿಮಗೆ ಸತ್ಯ ಸಿಕ್ತು, ನಮಗೆ ಏನು ಸಿಕ್ತು ಎಣ್ಣೆಯಣ್ಣ?" ಎಂದು ಕೇಳಿಯೇಬಿಟ್ಟಳು. ಗೋಡೆ ಎದುರುಮನೆಯಲ್ಲೇ ಇದ್ದರೂ ಬೆನ್ನು ಮಾಡಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವನ ತಾಯಿ ಆ ತಿಂಗಳು ಮನೆಯಲ್ಲೇ ತೀರಿಕೊಂಡರು. ಆಸ್ಪತ್ರೆಗೆ ಸೇರಿಸಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಯಾರಿಗೂ ತಿಳಿಯದು. ಎಣ್ಣೆಯಣ್ಣ ಹೋಗಿ ಎಲ್ಲರಿಗಿಂತ ಹಿಂದೆ ನಿಂತು ಬಂದರು. ಕೋಣೆಯ ಬೀಗದ ಕೈಯನ್ನು ಕಾರ್ಯದರ್ಶಿಗೆ ಒಪ್ಪಿಸಿ ಕ್ಲಬ್ಬಿಗೆ ಹೋಗುವುದನ್ನೂ ಬಿಟ್ಟರು. ಕಾರ್ಯದರ್ಶಿ ಹೋಗಿ ಎನ್ನಲಿಲ್ಲ, ಇರಿ ಎಂದೂ ಹೇಳಲಿಲ್ಲ.

ಅಳಿಯ ಆಟ ಬಿಡಲಿಲ್ಲ. ಮಾರಿ ಹೋಗದಿದ್ದರೇನು, ಗೋಲು ಹೊಡೆದು ಕ್ಲಬ್ಬನ್ನು ಉಳಿಸುತ್ತೇನೆ ಎಂಬ ಹಟ ಅವನಿಗೆ. ಮಂಡಿಗೆ ತಾನೇ ಪಟ್ಟಿ ಸುತ್ತಿಕೊಂಡು ಇಳಿಯುತ್ತಿದ್ದ. ಹೆಂಡತಿ ಒಂದು ಬೆಳಿಗ್ಗೆ ಬೂಟು ಬಚ್ಚಿಟ್ಟಳು. ಅವನು ಬೇರೆಯವರ ಬೂಟು ಹಾಕಿಕೊಂಡು ಆಡಿ ಬಂದ. ಬೂಟು ಬಿಗಿಯಾಗಿ ಹಿಮ್ಮಡಿಯೂ ಸುಲಿದಿತ್ತು. ಅವಳು ಆಮೇಲೆ ಬಚ್ಚಿಡಲಿಲ್ಲ.

ವರ್ಷದ ಕೊನೆಯ ಪಂದ್ಯ. ಸೋತರೆ ಇನ್ನೂ ಒಂದು ಡಿವಿಷನ್ ಕೆಳಗೆ. ಅಲ್ಲಿಗೆ ಇಳಿದರೆ ಮತ್ತೆ ಹಣ ಹಾಕುವವರು ಯಾರೂ ಇಲ್ಲ ಎಂಬುದು ಎಲ್ಲರಿಗೂ ತಿಳಿದ ವಿಷಯ. ಎಣ್ಣೆಯಣ್ಣ ಟಿಕೆಟ್ಟು ಕೊಂಡು ಗ್ಯಾಲರಿಯ ಮೇಲಿನ ಸಾಲಿನಲ್ಲಿ ಹೋಗಿ ಕೂತರು. ಅಷ್ಟು ವರ್ಷದಲ್ಲಿ ಅವರು ಮೈದಾನವನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಅಕ್ಕಪಕ್ಕದ ಜಾಗ ಖಾಲಿಯಿತ್ತು, ಖಾಲಿಯಾಗಿಯೇ ಉಳಿಯಿತು.

ಎರಡನೇ ಅರ್ಧದಲ್ಲಿ, ಎರಡೂ ಕಡೆ ಒಂದೊಂದು ಗೋಲಾಗಿದ್ದಾಗ, ಅಳಿಯ ಚೆಂಡನ್ನು ಕಾಲಲ್ಲಿ ಹಿಡಿದು ಬಲಕ್ಕೆ ತಿರುಗಿದ. ಮೈ ತಿರುಗಿತು, ಮಂಡಿ ತಿರುಗಲಿಲ್ಲ. ಯಾರೂ ಅವನನ್ನು ಮುಟ್ಟಿರಲಿಲ್ಲ. ಬಿದ್ದವನು ಎರಡು ಕೈಯಲ್ಲೂ ಹುಲ್ಲು ಹಿಡಿದು ಮಲಗಿದ. ರೆಫ್ರಿ ಸೀಟಿ ಊದಿ ಗೆರೆಯ ಕಡೆ ಕೈ ಬೀಸಿದರು. ಗೆರೆಯ ಪಕ್ಕ ಚೀಲ ಹಿಡಿದು ಓಡಿಬರಲು ಯಾರೂ ಇರಲಿಲ್ಲ.

ಆಗ ಆ ತುದಿಯ ಗೋಲಿನಿಂದ ಗೋಡೆ ಓಡಿ ಬಂದ. ಬಿದ್ದವನ ಪಕ್ಕ ಕೂತು ನೋಡಿ, ಎದ್ದು, ಗ್ಯಾಲರಿಯ ಕಡೆ ಮುಖ ಮಾಡಿದ. ಅವರು ಎಲ್ಲಿ ಕೂತಿದ್ದಾರೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಅಂತ ಕಾಣುತ್ತದೆ. ಎರಡು ಕೈಯನ್ನೂ ಬಾಯಿಗೆ ಅಡ್ಡ ಹಿಡಿದು ಕರೆದ. "ಎಣ್ಣೆಯಣ್ಣ. ಬನ್ನಿ."

ಅವರು ಮೆಟ್ಟಿಲಿಳಿದು ಬಂದರು. ಜನ ಕಾಲು ಸರಿಸಿ ದಾರಿ ಬಿಟ್ಟರು. ಹುಲ್ಲಿನ ಮೇಲೆ ಕೂತು ಅಳಿಯನ ಕಾಲನ್ನು ತೊಡೆಯ ಮೇಲಿಟ್ಟುಕೊಂಡರು. ಮುಟ್ಟಿದ ಕೂಡಲೇ ಅವರಿಗೆ ತಿಳಿಯಿತು. ಏನೂ ಮಾಡುವಂತಿರಲಿಲ್ಲ. ಆದರೂ ಸ್ಟ್ರೆಚರು ಬರುವವರೆಗೆ ತೊಡೆಯನ್ನು ಮೆಲ್ಲಗೆ ನೀವುತ್ತಾ ಕೂತರು. ಅಳಿಯ ಕಣ್ಣು ಮುಚ್ಚಿಕೊಂಡೇ, "ಆಟ ಮುಂದುವರಿಸಿ ಅನ್ನಿ," ಎಂದ. ಆಟ ಮುಂದುವರಿಯಿತು. ನಾವು ಇನ್ನೊಂದು ಗೋಲು ತಿಂದು ಸೋತೆವು.

ಕ್ಲಬ್ಬು ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಲೀಗಿನಲ್ಲಿ ಹೆಸರು ನೋಂದಾಯಿಸಲೂ ಯಾರೂ ಹೋಗಲಿಲ್ಲ. ಮೈದಾನವನ್ನು ಯಜಮಾನರ ಮಕ್ಕಳು ಲಾರಿ ನಿಲ್ಲಿಸುವವರಿಗೆ ಕೊಟ್ಟರು. ಗ್ಯಾಲರಿ ಕೆಡವಿದಾಗ ರೆಕ್ಸಿನ್ ಮೇಜು ಗುಜರಿಗೆ ಹೋಯಿತು. ಕಾರ್ಯದರ್ಶಿ ಕಾರ್ಖಾನೆಯ ಮುಂದೆ ಎಷ್ಟೋ ಸಲ ಹೋಗಿ ನಿಂತು, ಕೊನೆಗೆ ಎಲ್ಲರಿಗೂ ಸ್ವಲ್ಪಸ್ವಲ್ಪ ಬಾಕಿ ಕೊಡಿಸಿದರು. ತಾವು ತೆಗೆದುಕೊಳ್ಳಲಿಲ್ಲ. ಗೋಡೆ ಈಗ ಪೈಪಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಆ ದಿನ ಮೈದಾನದಲ್ಲಿ ಕರೆದ ಮೇಲೆ ಅವನು ಎಣ್ಣೆಯಣ್ಣನ ಜೊತೆ ಮತ್ತೆ ಮಾತಾಡತೊಡಗಿದ. ಆದರೆ ಮೊದಲಿನ ಹಾಗೆ ಮೆಟ್ಟಿಲ ಮೇಲೆ ಬಂದು ಕೂರುವುದು ಮಾತ್ರ ಮತ್ತೆ ಆಗಲಿಲ್ಲ. ತಾಯಿಯ ಸಾವು ಇಬ್ಬರ ನಡುವೆ ಹಾಗೆಯೇ ಉಳಿಯಿತು. ಇಬ್ಬರೂ ಅದನ್ನು ದಾಟಲು ಹೋಗಲಿಲ್ಲ.

ಅಳಿಯನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ಮಂಡಿಯನ್ನು ದಿನವೂ ಮಡಚಿ ಬಿಡಿಸದಿದ್ದರೆ ಅದು ಮರದ ಕೊರಡಿನ ಹಾಗೆ ಸೆಟೆದು ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ದಿನಾ ಬೆಳಿಗ್ಗೆ ಎಣ್ಣೆಯಣ್ಣ ಮಗಳ ಮನೆಗೆ ಹೋದರು. ಮಗಳು ಬಾಗಿಲು ತೆರೆದಿಟ್ಟಿರುತ್ತಿದ್ದಳು. ಅಳಿಯ ಮುಖ ಕಿಟಕಿಯ ಕಡೆ ತಿರುಗಿಸಿ ಕಾಲು ಚಾಚುತ್ತಿದ್ದ. ಇವರು ತಿಕ್ಕಿ, ಮಡಚಿ, ಬಿಡಿಸಿ, ಕೈ ತೊಳೆದುಕೊಂಡು ಬರುತ್ತಿದ್ದರು. ನೋವಾದಾಗ ಹಾ ಎನ್ನುವುದೊಂದು ಬಿಟ್ಟರೆ ಅಳಿಯ ಬಾಯಿ ಬಿಡುತ್ತಿರಲಿಲ್ಲ. ಮಾವನ ಕೈ ಮಾತ್ರ ಆ ನೋವಿಗೆ ತಕ್ಕ ಹಾಗೆ ನಿಧಾನವಾಗುತ್ತಿತ್ತು.

ಅವನು ಗೋದಾಮಿನಲ್ಲಿ ಕೂತು ಮಾಡುವ ಕೆಲಸ ಹಿಡಿದು, ಕೋಲಿಲ್ಲದೆ ನಡೆಯತೊಡಗಿದ ಮೇಲೆ ಒಂದು ಬೆಳಿಗ್ಗೆ, ಮುಖ ತಿರುಗಿಸದೆ ಕೇಳಿದ.

"ಮಾವ, ಅವತ್ತು ನೀವು ಸುಮ್ನಿದ್ದಿದ್ರೆ ನಾನು ಅಲ್ಲಿ ಎಷ್ಟು ಆಡ್ತಿದ್ದೆ?"

ಎಣ್ಣೆಯಣ್ಣ ಕೈ ನಿಲ್ಲಿಸಿದರು. "ಗೊತ್ತಿಲ್ಲಪ್ಪ. ಒಂದು ವರ್ಷ ಆಡ್ತಿದ್ದೆಯೋ ಏನೋ. ಒಂದೇ ಪಂದ್ಯ ಆಡ್ತಿದ್ದೆಯೋ ಏನೋ."

"ಒಂದಾದ್ರೂ ಆಡ್ತಿದ್ದೆ."

"ಹೌದು," ಎಂದರು ಅವರು. "ಒಂದಾದ್ರೂ ಆಡ್ತಿದ್ದೆ."

ಅಡುಗೆಮನೆಯಲ್ಲಿ ಮಗಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಅಳಿಯ ಕಾಲನ್ನು ಇನ್ನೂ ಸ್ವಲ್ಪ ಮುಂದಕ್ಕೆ ಚಾಚಿ, "ಹಿಂಭಾಗದಲ್ಲಿ ಇನ್ನೂ ಬಿಗಿ ಇದೆ, ಅಲ್ಲೊಂಚೂರು ನೋಡಿ," ಎಂದ.